ಕೂಗಬಾರದ ಹೆಸರು

ಲೇ ಹುಡುಗಿ, ಬಸುರಿ ಹೆಂಗಸು ಹೀಗೆ ಹುಬ್ಬು ಗಂಟು ಹಾಕ್ಕೊಂಡು ಕೂರಬಾರದು ಕಣೇ. ಯಾರಿಗೂ ಇಲ್ಲದ ಹೆಸರೇ ಬೇಕು ನನ್ನ ಕೂಸಿಗೆ ಅಂತೀಯಲ್ಲ, ಅಂಥದ್ದೇ ಒಂದು ಹೆಸರಿನ ಕಥೆ ಇದೆ, ಕೇಳು. ನಡುನಡುವೆ ‘ಹೂಂ’ ಅನ್ನು. ಇಲ್ಲದಿದ್ದರೆ ನಿಲ್ಲಿಸಿಬಿಡ್ತೀನಿ, ಆಮೇಲೆ ನನ್ನ ಕೇಳಬೇಡ.

ಒಂದಾನೊಂದು ಊರಂತೆ. ಊರ ಪಕ್ಕ ಒಂದು ಕೆರೆ. ಆಚೆ ದಡವನ್ನ ಯಾರೂ ಕಂಡಿಲ್ಲ, ಅಷ್ಟು ದೊಡ್ಡ ಕೆರೆಯಂತೆ. ಈಚೆ ದಡದಲ್ಲಿ ಒಂದು ಕಡೆ ಅರಸನ ಅರಮನೆ, ಇನ್ನೊಂದು ಕಡೆ ಬುಟ್ಟಿ ಹೆಣೆಯೋ ಓಬಳಯ್ಯನ ಗುಡಿಸಲು. ಓಬಳಯ್ಯನಿಗೂ ಅವನ ಹೆಂಡತಿ ಗಿರಿಯಮ್ಮನಿಗೂ ಎಷ್ಟೋ ಕಾಲದ ಮೇಲೆ ಒಂದು ಹೆಣ್ಣು ಕೂಸು ಹುಟ್ಟಿತಂತೆ. ಹುಟ್ಟಿತೇನೋ ಸರಿ, ಕಣ್ಣೇ ಬಿಡಲಿಲ್ಲ. ಅಳಲಿಲ್ಲ. ತುಟಿಗೆ ಹಾಲು ಬಿಟ್ಟರೆ ನುಂಗುತ್ತೆ, ಮತ್ತೆ ನಿದ್ದೆ. ಇಲ್ಲಿ ಮಲಗಿದ್ದರೂ ಇನ್ನೆಲ್ಲೋ ಇದ್ದ ಹಾಗಿತ್ತಂತೆ ಆ ಕೂಸು. ಗಿರಿಯಮ್ಮ ಅತ್ತೂ ಅತ್ತೂ ಸೊರಗಿಹೋದಳು.

ತೊಟ್ಟಿಲಿಗೆ ಹಾಕೋ ದಿನ ಬಂತು. ಹೆಸರಿಡೋಳು ಸೋದರತ್ತೆ ತಾನೇ? ಓಬಳಯ್ಯನ ಅಕ್ಕ ಮಾಳವ್ವ ದೂರದ ಊರಲ್ಲಿದ್ದಳು. ಬಾಯಿ ಜೋರು, ಕಾಲು ಅದಕ್ಕಿಂತ ಜೋರು. ಗಾಡಿ ಸಿಗಲಿಲ್ಲ ಅಂತ ನಡೆದುಕೊಂಡೇ ಹೊರಟು, ಮೂಡಲು ಬೆಳ್ಳಗಾಗೋ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಳಂತೆ. ತೊಟ್ಟಿಲಲ್ಲಿ ಮೊದಲು ಎಣ್ಣೆ ಹಚ್ಚಿದ ಗುಂಡುಕಲ್ಲು ಮಲಗಿಸಿದರು, ಕೂಸೂ ಹಾಗೇ ಗಟ್ಟಿಯಾಗಿರಲಿ ಅಂತ. ಆಮೇಲೆ ಕಲ್ಲು ತೆಗೆದು ಕೂಸನ್ನ ಮಲಗಿಸಿದರು. ಮಾಳವ್ವ ಬಗ್ಗಿ ಕಿವಿಯಲ್ಲಿ ‘ಕುರ್ರ್’ ಅಂದಳು. ತನ್ನ ತಾಯಿಯ ಹೆಸರನ್ನೇ ಇಡೋಣ ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಆದರೆ ಆ ಮುಚ್ಚಿದ ಕಣ್ಣು ನೋಡಿದ ಕೂಡಲೇ, ಈಗಷ್ಟೇ ದಾಟಿ ಬಂದ ಹೊಲಗಳು ನೆನಪಾದವಂತೆ. ಕತ್ತಲು ಇನ್ನೂ ಎದ್ದು ಹೋಗಿಲ್ಲ, ಬೆಳಕು ಇನ್ನೂ ಒಳಗೆ ಬಂದಿಲ್ಲ, ಗಿಡ ಮರ ಎಲ್ಲ ಕಣ್ಣು ಬಿಡೋದಕ್ಕೆ ಕಾಯ್ತಾ ಇವೆ. ಆ ಹೊತ್ತಿಗೆ ನಸುಕು ಅಂತಾರಲ್ಲ, ಅದೇ ಬಾಯಿಗೆ ಬಂತು.

“ನಸುಕವ್ವಾ” ಅಂದಳು.

ಹೆಸರಿಟ್ಟ ಅತ್ತೆಯ ಬೆನ್ನಿಗೆ ಹೆಂಗಸರು ಗುದ್ದಬೇಕಲ್ಲ, ಧಡಧಡ ಗುದ್ದಿದರು. ಆ ಸದ್ದಿಗೋ, ಆ ಹೆಸರಿಗೋ, ಕೂಸು ಕಣ್ಣು ಬಿಟ್ಟು ಓ ಅಂತ ಅತ್ತಿತಂತೆ. ನಸುಕವ್ವ! ಅಜ್ಜಿಗಿಲ್ಲ, ಮುತ್ತಜ್ಜಿಗಿಲ್ಲ, ಸುತ್ತ ಯಾವ ಊರಲ್ಲೂ ಯಾರಿಗೂ ಇಲ್ಲದ ಹೆಸರು. ಅಲ್ಲಿಂದಾಚೆ ದಿನಾ ಬೆಳಗಾಗೋ ಹೊತ್ತಿಗೆ ಗಿರಿಯಮ್ಮ ನೀರಿಗೆ ಹೋದವಳು ಕೆರೆ ಏರಿಯ ಮೇಲೆ ನಿಂತು “ನಸುಕವ್ವಾ...” ಅಂತ ಕೂಗೋಳು. ಗುಡಿಸಲಿನಿಂದ ಮಗಳು “ಓ...” ಅನ್ನೋಳು. ಆ ಕೂಗು ನೀರಿನ ಮೇಲೆ ತೇಲಿಕೊಂಡು ಎಲ್ಲೆಲ್ಲಿಗೋ ಹೋಗೋದಂತೆ.

ಹೂಂ ಅನ್ನೇ! ಹಾಂ, ಹಾಗೆ.

ಈ ಕೂಸಿಗೆ ಹಾಲುಹಲ್ಲು ಬೀಳೋ ಕಾಲಕ್ಕೆ ಅರಮನೆಯಲ್ಲಿ ರಾಣಿಗೂ ಒಂದು ಹೆಣ್ಣು ಕೂಸಾಯಿತಂತೆ. ಅರಸನಿಗೂ ನಿನ್ನ ಹಾಗೇ ಹುಚ್ಚು. ಲೋಕದಲ್ಲಿ ಯಾರಿಗೂ ಇಲ್ಲದ ಹೆಸರು ಬೇಕು! ಮಂತ್ರಿ ಒಂದು ಹೆಸರು ಹೇಳಿದ, ಅದು ಅಡುಗೆಯವಳದ್ದು. ಪುರೋಹಿತ ಒಂದು ಹೆಸರು ಹೇಳಿದ, ಅದು ಸೇನಾಪತಿಯ ಅತ್ತೆಯದ್ದು. ತಲೆ ಕೆರೆದುಕೊಂಡು ಇನ್ನೊಂದು ಹೆಸರು ಹುಡುಕಿದರೆ, ಅದು ಪಟ್ಟದ ಆನೆಯದ್ದು. ಅರಸ ರೇಗಿ ಉಪ್ಪರಿಗೆಗೆ ಹೋಗಿ ನಿಂತಾಗ, ಬೆಳಗಿನ ನೀರಿನ ಮೇಲೆ ತೇಲಿಕೊಂಡು ಬಂತು ಆ ಕೂಗು.

“ಎಂಥ ಹೆಸರಯ್ಯಾ ಇದು! ನಾನು ಕೇಳೇ ಇಲ್ಲ” ಅಂದ ಅರಸ.

“ಬುಟ್ಟಿಯವನ ಮಗಳಿಗಿದೆ ಮಹಾಸ್ವಾಮಿ” ಅಂದ ಮಂತ್ರಿ.

“ಇದೆ ಅನ್ನಬೇಡ, ಇತ್ತು ಅನ್ನು” ಅಂದ ಅರಸ.

ಡಂಗುರ ಹೊಡೆಸಿಯೇ ಬಿಟ್ಟನಂತೆ. ನಸುಕವ್ವ ಅನ್ನೋ ಹೆಸರು ಇನ್ನು ಅರಮನೆಯದ್ದು. ಯಾರೂ ಇಡಬಾರದು, ಯಾರೂ ಕೂಗಬಾರದು. ಕೂಗಿದವರ ತಲೆ ಇರಲ್ಲ. ಅಷ್ಟಕ್ಕೇ ಬಿಟ್ಟನಾ? ಕರೆದೂ ಕರೆದೂ ಹೆಸರು ಸವೆದುಹೋದೀತು ಅಂತ ಅರಮನೆಯವರಿಗೂ ಬಾಯಿಕಟ್ಟು ಹಾಕಿದ. ಹೆಸರಿಡೋ ದಿನ ಅವನ ತಂಗಿ ತೊಟ್ಟಿಲಿಗೆ ಬಗ್ಗಿದರೆ, “ಮನಸ್ಸಲ್ಲೇ ಹೇಳು, ಸಾಕು” ಅಂತ ತಡೆದನಂತೆ. ಮನಸ್ಸಲ್ಲಿ ಹೇಳಿದ ಹೆಸರು ಕೂಸಿನ ಕಿವಿಗೆ ಬೀಳುತ್ತಾ? ನೀನೇ ಹೇಳು! ರಾಜಕುಮಾರಿ ಕಣ್ಣು ಮುಚ್ಚಿದವಳು ಮುಚ್ಚಿಯೇ ಇದ್ದಳು. ವೈದ್ಯರು ಬಂದರು, ಕಷಾಯ ಬಂತು, ಏನೂ ಆಗಲಿಲ್ಲ.

ಇತ್ತ ಗುಡಿಸಲಲ್ಲಿ ಗಿರಿಯಮ್ಮ ಮಗಳನ್ನ “ಏ ಕೂಸೇ”, “ಏ ಪುಟ್ಟಿ” ಅಂತ ಕರೆದು ನೋಡಿದಳು. ಹುಡುಗಿ ತಿರುಗಿ ನೋಡೋಳಲ್ಲ. ಬೇರೆ ಯಾರನ್ನೋ ಕರೀತಿದ್ದಾರೆ ಅನ್ನೋ ಹಾಗೆ ಕೂತಿರೋಳು. ದಿನದಿಂದ ದಿನಕ್ಕೆ ನಿದ್ದೆ ಹೆಚ್ಚಾಯಿತು. ಬುಟ್ಟಿ ಹೆಣೀತಾ ಹೆಣೀತಾ ತೂಗೋಳು, ಉಣ್ತಾ ಉಣ್ತಾ ತೂಗೋಳು. ಒಂದು ಬೆಳಗ್ಗೆ ಎಷ್ಟು ಅಲುಗಾಡಿಸಿದರೂ ಏಳಲೇ ಇಲ್ಲವಂತೆ.

ಅವಳು ಎಲ್ಲಿಗೆ ಹೋಗಿದ್ದಳು ಗೊತ್ತಾ? ಆಮೇಲೆ ಅವಳೇ ಹೇಳಿದ್ದಂತೆ. ಕೆರೆಯ ಆಚೆ ದಡಕ್ಕೆ. ಅಲ್ಲಿ ಬಿಸಿಲಿಲ್ಲ, ಕತ್ತಲಿಲ್ಲ. ಹಾಲಿನ ಬಣ್ಣದ ಮಂಜು, ಕಾಲಡಿ ಮೆತ್ತನೆ ಹುಲ್ಲು. ನಡೆದರೆ ಸದ್ದಿಲ್ಲ. ಬೆಳ್ಳಕ್ಕಿಗಳು ಒಂಟಿ ಕಾಲಲ್ಲಿ ನಿಂತು ಕನಸು ಕಾಣ್ತಿದ್ದವಂತೆ. ಅವುಗಳ ನಡುವೆ ತಾವರೆ ಎಲೆಯ ಮೇಲೆ ಒಂದು ಪುಟ್ಟ ಕೂಸು, ಕೊರಳಲ್ಲಿ ಮುತ್ತಿನ ಸರ.

“ಯಾರು ನೀನು?” ಅಂತ ಕೇಳಿದಳು ನಸುಕವ್ವ.

ಆ ಲೋಕದಲ್ಲಿ ಎಳೆಕೂಸಿಗೂ ಮಾತು ಬರೋದಂತೆ. “ನನಗೂ ಒಂದು ಹೆಸರಿದೆಯಂತೆ ಅಕ್ಕಾ. ಯಾರೂ ಹೇಳಲಿಲ್ಲ. ಹೇಳಿದ್ದರೆ ಹೋಗ್ತಿದ್ದೆ” ಅಂತು.

ಅಯ್ಯೋ ಪಾಪ ಅನ್ನಿಸಿತು ಹುಡುಗಿಗೆ. ಕೂಸನ್ನ ಎತ್ತಿ ಸೊಂಟಕ್ಕೆ ಹಾಕ್ಕೊಂಡು ನೀರಿನಂಚಲ್ಲಿ ಕೂತಳು. ಯಾರಾದರೂ ಕರೀಲಿ ಅಂತ ಇಬ್ಬರೂ ಕಾಯ್ತಾ ಇದ್ದರಂತೆ.

ಸೋದರಸೊಸೆಗೆ ಹುಷಾರಿಲ್ಲ ಅಂತ ಮಾಳವ್ವನಿಗೆ ಸುದ್ದಿ ಹೋಯಿತು. ಬಂದಳು ನೋಡು ದಡದಡ ಅಂತ! ಮತ್ತೆ ಅದೇ ಮೂಡಲು ಬೆಳ್ಳಗಾಗೋ ಹೊತ್ತು.

“ಹೆಸರು ಹಿಡಿದು ಕೂಗಿದಿರೇನೇ?” ಅಂದಳು.

“ಕೂಗಿದರೆ ತಲೆ ತೆಗೀತಾರಂತೆ ಅತ್ತಿಗೆ” ಅಂತ ಗಿರಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

“ಥೂ, ತೆಗೀಲಿ ಬಿಡು. ಇಟ್ಟವಳು ನಾನು, ಕೂಗೋಳೂ ನಾನೇ. ನನ್ನ ತಲೆ ನರೆತು ಎಷ್ಟು ದಿನವಾಯಿತು” ಅಂದವಳೇ ಏರಿ ಹತ್ತಿ, ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದಳಂತೆ.

“ನಸುಕವ್ವಾ...”

ಗುಡಿಸಲೊಳಗೆ ಹುಡುಗಿಯ ತುಟಿ ಅಲುಗಿತು. ಕಣ್ಣು ಮುಚ್ಚಿಕೊಂಡೇ, “ಓ... ಅತ್ತೇ. ಕೇಳಿಸಿತು. ಆದರೆ ಸೊಂಟದ ಮೇಲೆ ಅರಮನೆ ಕೂಸಿದೆ. ಅದೊಂದನ್ನೇ ಬಿಟ್ಟು ಹೇಗೆ ಬರಲಿ? ಅದನ್ನೂ ಕರೀರಿ” ಅಂದಳಂತೆ. ಗಿರಿಯಮ್ಮ ಓಡಿಬಂದು ಅತ್ತಿಗೆಗೆ ಅದನ್ನ ಹೇಳೋ ಹೊತ್ತಿಗೆ ಅರಸನ ಭಟರೂ ಬಂದು ಮಾಳವ್ವನ ಕೈ ಹಿಡಿದರು. “ಎಳೀಬೇಡ್ರೋ, ನಾನೇ ಅಲ್ಲಿಗೆ ಹೊರಟಿದ್ದೆ” ಅಂದಳು ಆ ಗಟ್ಟಿಗಿತ್ತಿ.

ಅರಸ ಕೆಂಡವಾಗಿದ್ದ. “ನನ್ನ ಮಗಳ ಹೆಸರನ್ನ ಬೀದಿಗೆ ಹಾಕಿದೆಯಲ್ಲೇ ಮುದುಕಿ!”

“ನಿಮ್ಮ ಮಗಳನ್ನ ಆ ಹೆಸರಿನಿಂದ ಒಂದು ಸಲವಾದರೂ ಕರೆದಿದ್ದೀರಾ ಸ್ವಾಮಿ?” ಅಂದಳು ಮಾಳವ್ವ.

ತೊಟ್ಟಿಲ ಪಕ್ಕ ಕೂತು ಅತ್ತೂ ಅತ್ತೂ ಕಣ್ಣು ಬಾತಿದ್ದ ರಾಣಿ ಎದ್ದು ಬಂದಳು. “ನಿಮ್ಮ ಹೆಸರು ನೀವೇ ಇಟ್ಕೊಳ್ಳಿ. ನನಗೆ ನನ್ನ ಕೂಸು ಬೇಕು. ಬಾ ತಾಯಿ, ಕರಿ” ಅಂತ ಮಾಳವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳಂತೆ.

ಗುಂಡುಕಲ್ಲು ತರಿಸಿದರು, ಎಣ್ಣೆ ಹಚ್ಚಿದರು, ತೊಟ್ಟಿಲಲ್ಲಿ ಮಲಗಿಸಿ ತೆಗೆದರು. ಕೂಸನ್ನ ಮಲಗಿಸಿದರು. ಮಾಳವ್ವ ಬಗ್ಗಿ ‘ಕುರ್ರ್’ ಅಂದು, ಮೆಲ್ಲಗೆ, “ನಸುಕವ್ವಾ” ಅಂದಳು. ಅಂದು, ಹಾಗೇ ಬಗ್ಗಿ ನಿಂತಳು. ಬೆನ್ನಿಗೆ ಗುದ್ದು ಬೀಳಲಿಲ್ಲ. ಅರಮನೆ ಹೆಂಗಸರಿಗೆ ಭಯ, ಅರಸನ ಮುಖ ನೋಡ್ತಾ ನಿಂತಿದ್ದಾರೆ.

“ಗುದ್ದಿ ಸ್ವಾಮಿ, ನೀವೇ ಗುದ್ದಿ! ನನಗೆ ಸೊಂಟ ನೋಯ್ತಿದೆ” ಅಂದಳು ಮಾಳವ್ವ.

ಅರಸನ ಕಣ್ಣಲ್ಲಿ ನೀರು ಬಂತು. ತಲೆ ತೆಗೀತೀನಿ ಅಂದಿದ್ದ ಅದೇ ಕೈಯಿಂದ ಮೆಲ್ಲಗೆ ಗುದ್ದಿದನಂತೆ. ತೊಟ್ಟಿಲ ಕೂಸು ಕಣ್ಣು ಬಿಟ್ಟು ಗಟ್ಟಿಯಾಗಿ ಅತ್ತಿತು. ಅದೇ ಗಳಿಗೆಗೆ ಗುಡಿಸಲಲ್ಲಿ ನಸುಕವ್ವ ಎದ್ದು ಕೂತು, “ಅವ್ವಾ, ಹಸಿವು” ಅಂದಳಂತೆ. ಅವಳು ಉಟ್ಟಿದ್ದ ಸೀರೆತುಂಡಿನ ಅಂಚು ನೀರಲ್ಲಿ ನೆನೆದಿತ್ತು.

ಡಂಗುರ ಮತ್ತೆ ಬಾರಿಸಿದರು. ಯಾರು ಬೇಕಾದರೂ ಇಡಿ, ಎಷ್ಟು ಬೇಕಾದರೂ ಕೂಗಿ. ಜನ ಬಿಡ್ತಾರಾ? ಸತ್ತಂತಿದ್ದ ಕೂಸುಗಳನ್ನ ಎಬ್ಬಿಸಿದ ಹೆಸರಲ್ಲವಾ? ಅಗಸರ ಮನೆಗೊಬ್ಬಳು, ಗಾಣಿಗರ ಮನೆಗೊಬ್ಬಳು, ಮಂತ್ರಿ ಮನೆಗೊಬ್ಬಳು, ಊರ ತುಂಬ ನಸುಕವ್ವಂದಿರೇ ಆದರಂತೆ.

ಅರಸನಿಗೆ ಮತ್ತೆ ಚಿಂತೆ. “ಅಲ್ಲವೇ, ನಸುಕವ್ವಾ ಅಂತ ಕೂಗಿದರೆ ಊರೇ ಎದ್ದು ಬರುತ್ತಲ್ಲ. ನಮ್ಮ ಮಗಳಿಗೆ ಹೇಗೆ ಗೊತ್ತಾಗುತ್ತೆ?” ಅಂತ ರಾಣಿಯನ್ನ ಕೇಳಿದನಂತೆ.

ರಾಣಿ ಮಾರನೆಯ ಬೆಳಗ್ಗೆ ಅವನನ್ನ ಉಪ್ಪರಿಗೆಗೆ ಕರೆದುಕೊಂಡು ಹೋದಳು. ಮೂಡಲು ಬೆಳ್ಳಗಾಯಿತು. ಏರಿಯಿಂದ, ಓಣಿಯಿಂದ, ಹಟ್ಟಿಯಿಂದ ತಾಯಂದಿರು ಒಬ್ಬೊಬ್ಬರೇ “ನಸುಕವ್ವಾ...” ಅಂತ ಕೂಗಿದರು. ಒಂದೊಂದು ಕೂಗಿಗೆ ಒಂದೊಂದೇ ಬಾಗಿಲು ತೆರೀತು, ಒಬ್ಬೊಬ್ಬಳೇ ಮಗಳು “ಓ” ಅಂದಳು. ಅಷ್ಟು ಕೂಗಿಗೂ ತೊಟ್ಟಿಲ ಕೂಸು ಸುಮ್ಮನೆ ಬೆರಳು ಚೀಪ್ತಾ ಮಲಗಿತ್ತು. ಕೊನೆಗೆ ರಾಣಿ ತಿರುಗಿ, “ನಸುಕವ್ವಾ” ಅಂದಳು. ಕೂಸು ಬಾಯಿಂದ ಬೆರಳು ತೆಗೆದು ನಕ್ಕಿತಂತೆ.

ಅವರು ಆ ದಡದಲ್ಲಿ ಕೂಗ್ತಾ ಇರಲಿ, ನಾವು ಈ ದಡದಲ್ಲಿ ಓ ಅಂತಾ ಇರೋಣ. ಹೆಸರು ಯಾವುದಾದರೂ ಇಡು ಮಗಳೇ, ಬಾಯಿ ತುಂಬ ಕರಿ. ಈಗ ಏಳು, ನನಗೊಂದು ಎಲೆ ಅಡಿಕೆ ಕೊಡು.