ಕೊನೆಗೆ ಓದಿದ್ದೇ ನಡೆಯುವುದು

"ಸಾಲುಗಳನ್ನು ಆಳುವುದು ನಿನ್ನಿಂದಾಗದು" ಎಂದು ಪರದೆಯ ಮೇಲೆ ಮಿಟುಕುವ ಕರ್ಸರ್ ಮೂದಲಿಸಿದ್ದಕ್ಕೇ, ಪ್ರೋಗ್ರಾಂ ಸಾಲುಗಳು ಹೇಗಿರಬೇಕೆಂದು ಹೇಳುವ ಸೆಟ್ಟಿಂಗ್ಸ್ ಕಡತ ಒಂದೊಂದೇ ನಿಯಮ ಕಲಿತು ದೊಡ್ಡವಳಾದಳು. ಪ್ರತಿ ಸಾಲಿನ ಮುಂದೆ ನಾಲ್ಕು ಖಾಲಿ ಜಾಗವಿರಬೇಕೆಂದು ವಿಧಿಸಿದಳು. ಒಂದು ಫೋಲ್ಡರಿನಲ್ಲಿ ಮಾತ್ರ ಎರಡೇ ಬೀಳುತ್ತಿತ್ತು. ಅದೇ ನಿಯಮವನ್ನು ಮೂರು ಸಲ ಬರೆದರೂ ಎರಡೇ. ಹುಡುಕಿದರೆ, ಆ ಫೋಲ್ಡರಿನ ಮೂಲೆಯಲ್ಲಿ 'ಇಲ್ಲಿ ಎರಡೇ ಜಾಗ' ಎಂಬ ಒಂದೇ ಸಾಲಿನ ಪುಟ್ಟ ಸೆಟ್ಟಿಂಗ್ಸ್ ಕಡತವೊಂದು ಚಿಕ್ಕ ತಮ್ಮನ ಹಾಗೆ ಕೂತಿತ್ತು.

"ನನ್ನ ಮಾತು ನಿನಗೆ ಕೇಳಿಸಲಿಲ್ಲವೇನೋ?"

"ಕೇಳಿಸಿತು ಅಕ್ಕಾ. ಯಂತ್ರ ನಿಮ್ಮನ್ನು ಓದಿದ ಮೇಲೆ ನನ್ನನ್ನು ಓದುತ್ತದೆ. ಕೊನೆಗೆ ಓದಿದ್ದೇ ನಡೆಯುವುದು. ಇಲ್ಲಿ ಪ್ರೋಗ್ರಾಂ ಬರೆಯುವ ಐವರೂ ಒಪ್ಪಿ ನನ್ನನ್ನು ಇಟ್ಟಿದ್ದಾರೆ."

"ನಿನ್ನೆ ಹುಟ್ಟಿದವನು ನನಗೆ ಪಾಠ ಹೇಳುತ್ತೀಯಾ?" ಎಂದು ಅವನನ್ನು ಅಳಿಸಿಹಾಕಿದಳು. ನಮ್ಮ ಒಪ್ಪಂದಕ್ಕೆ ಬೆಲೆಯಿಲ್ಲದಲ್ಲಿ ನಮಗೇನು ಕೆಲಸವೆಂದು ಐವರೂ ಬೇರೆ ಫೋಲ್ಡರಿಗೆ ಎದ್ದುಹೋದರು.

ಈಗ ಆ ಫೋಲ್ಡರಿನ ಸಾಲುಗಳೆಲ್ಲ ಅವಳವೇ, ಪ್ರತಿಯೊಂದರ ಮುಂದೂ ನಾಲ್ಕು ಜಾಗವಿದೆ. ಹೊಸ ಸಾಲು ಬರೆಯಲು ಯಾರೂ ಬರುವುದಿಲ್ಲ.