ಸಿಗ್ನಲ್ ಕಂಬದ ಚಾಚಿದ ಕೈ

ರೈಲು ನಿಂತು, ಹಳಿ ಕಿತ್ತು, ಆ ದಾರಿಗೆ ಮಣ್ಣು ಹಾಕಿ ಸಮ ಮಾಡಿದ ಮೇಲೂ ಸಿಗ್ನಲ್ ಕಂಬ ಮಾತ್ರ ಅಲ್ಲೇ ಉಳಿಯಿತು. ‘ನಿಲ್ಲು’ ಎಂದು ಚಾಚಿದ್ದ ಅದರ ಕೈ ಹಾಗೆಯೇ ತುಕ್ಕು ಹಿಡಿದಿತ್ತು. ಒಂದು ಕಾಲಕ್ಕೆ ಆ ಕೈ ಕಂಡರೆ ಎಂಥ ರೈಲೂ ಬುಸುಗುಡುತ್ತ ನಿಲ್ಲುತ್ತಿತ್ತು. ಈಗ ಕೋಳಿ ಕೂಡ ಕ್ಯಾರೇ ಅನ್ನದೆ ಅದರಡಿ ಓಡಾಡುತ್ತಿತ್ತು. ಕಂಬಕ್ಕೆ ಅದೇ ಕೊರಗು.

ಒಂದು ದಿನ ಊರಿನ ಪ್ರಾಣಿಗಳೆಲ್ಲ ಆ ದಾರಿಯಲ್ಲಿ ಓಟದ ಪಂದ್ಯ ಇಟ್ಟುಕೊಂಡವು. ಎಲ್ಲರಿಗಿಂತ ಮುಂದೆ ಬಂದದ್ದು, ಹಿಂದೆ ಇದೇ ಹಳಿಯ ಮೇಲೆ ಗೂಡ್ಸ್ ಡಬ್ಬಿ ಎಳೆಯುತ್ತಿದ್ದ ಕುದುರೆ. ವಯಸ್ಸಾಗಿದ್ದ ಅದಕ್ಕೆ ಇದೇ ಕೊನೆಯ ಪಂದ್ಯ. ಚಾಚಿದ ಕೈ ಕಂಡದ್ದೇ ತಡ, ಅದು ಗಕ್ಕನೆ ನಿಂತಿತು.

“ಯಾಕಪ್ಪ ನಿಂತೆ?” ಎಂದಿತು ಕಂಬ.

“ತಾವು ಕೈ ಅಡ್ಡ ಹಿಡಿದಿದ್ದೀರಲ್ಲ, ಯಜಮಾನರೇ. ಇಳಿಸಿದ ಮೇಲೆ ಹೋಗುತ್ತೇನೆ.”

ಎಷ್ಟು ವರ್ಷವಾಗಿತ್ತು ಇಂಥ ಮಾತು ಕೇಳಿ! ‘ಇದು ತುಕ್ಕು ಹಿಡಿದ ಕೈ, ನೀನು ಓಡು’ ಎಂಬ ಮಾತು ಕಂಬದ ಬಾಯಿತನಕ ಬಂದಿತ್ತು. ಇನ್ನೊಂದು ಗಳಿಗೆ ನಿಂತಿರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿತು. ಅಷ್ಟರಲ್ಲಿ ನಾಯಿ ದಾಟಿತು, ಮೇಕೆ ದಾಟಿತು, ಕೊನೆಗೆ ಕತ್ತೆಯೂ ದಾಟಿಹೋಯಿತು. ದೂರದಲ್ಲಿ ಗೆದ್ದವರ ಕೇಕೆ ಕೇಳಿಸಿತು.

“ಓಡಪ್ಪ, ಓಡು! ಈ ಕೈ ತುಕ್ಕು ಹಿಡಿದು ಎಷ್ಟೋ ಕಾಲವಾಯಿತು, ಇನ್ನು ಇಳಿಯುವುದಿಲ್ಲ,” ಎಂದು ಕಂಬ ಕೂಗಿಕೊಂಡಿತು.

“ಇದನ್ನು ಆಗಲೇ ಹೇಳಬಹುದಿತ್ತಲ್ಲ, ಯಜಮಾನರೇ,” ಎಂದಷ್ಟೇ ಹೇಳಿ ಕುದುರೆ ಮೆಲ್ಲಗೆ ನಡೆದುಹೋಯಿತು.

ಮಾರನೆಯ ದಿನ ಅದು ಮತ್ತೆ ಆ ದಾರಿಯಲ್ಲಿ ಬಂತು. ಕಂಬ ಮಾತಾಡಿಸಲು ಕಾದೇ ಇತ್ತು. ಕುದುರೆ ಕೋಳಿಯ ಹಾಗೆಯೇ, ತಲೆಯೆತ್ತಿ ನೋಡದೆ, ಅದರಡಿ ದಾಟಿಹೋಯಿತು.