ಸಭಾಪತಿ ಸಿಕ್ಕ ಬಗೆ

ವಿಧಾನ ಪರಿಷತ್ತಿಗೆ ಸಭಾಪತಿ ಬೇಕಾಗಿತ್ತು. ಎರಡೂ ಪಕ್ಷಕ್ಕೆ ಸಮಬಲ. ಇವರ ಹೆಸರು ಅವರಿಗಾಗದು, ಅವರದು ಇವರಿಗಾಗದು. ನಾಯಕರಿಬ್ಬರೂ ಒಂಬತ್ತು ದಿನ ಎದುರುಬದುರು ಕೂತು ಮುಗಿಸಿದ್ದು ಗೋಡಂಬಿ ಮಾತ್ರ. ಕಾಫಿ ತಂದ ದಲಾಯತ ಕಿಸಕ್ಕನೆ ನಕ್ಕುಬಿಟ್ಟ.

ಆಡಳಿತ ಪಕ್ಷದ ನಾಯಕ ಪಂಚಾಕ್ಷರಪ್ಪನವರಿಗೆ ಉರಿದುಹೋಯಿತು. "ನಗ್ತೀಯೇನಯ್ಯಾ? ಇಬ್ಬರೂ ಒಪ್ಪೋ ಹೆಸರು ನೀನೇ ಹೇಳು. ಇಲ್ಲಾಂದ್ರೆ ನಾಳೆಯಿಂದ ಕಡತದ ಗೋದಾಮಲ್ಲಿ ಇಲಿ ಕಾಯ್ತಾ ಕೂತಿರು!"

ಉಬ್ಬಸದ ದಲಾಯತನಿಗೆ ಗೋದಾಮಿನ ಧೂಳು ನೆನೆದೇ ಕೆಮ್ಮು ಬಂತು.

"ಸ್ವಾಮಿ, ಆ ಪೀಠದಲ್ಲಿ ಕೂತವರು ಭಾಷಣ ಬಿಗಿಯೋ ಹಾಗಿಲ್ಲ, ಅಲ್ವೇ?"

"ಇಲ್ಲ. ಅದು ಸದನದ ಪದ್ಧತಿ."

"ಹಾಗಾದ್ರೆ ತೋಂಟದಗೌಡ್ರನ್ನ ಕೂರಿಸಿ."

ಗೌಡರು ವಿರೋಧ ಪಕ್ಷದವರು. ಎದ್ದು ನಿಂತರೆ ಮೂರು ಗಂಟೆಗೆ ಕಡಿಮೆಯಿಲ್ಲ. ಒಮ್ಮೆ ಅವರ ಭಾಷಣಕ್ಕೆ ಗೋಡೆಯ ಗಡಿಯಾರವೇ ನಿಂತುಹೋಗಿತ್ತು, ಸುಳ್ಳಲ್ಲ. ಪಂಚಾಕ್ಷರಪ್ಪನವರ ಮುಖ ಅರಳಿತು. ಅವರಿಗಿಂತ ಮೊದಲೇ ವಿರೋಧ ಪಕ್ಷದ ನಾಯಕರು ಮೇಜು ಕುಟ್ಟಿ, "ಒಪ್ಪಿದೆ!" ಎಂದರು.

ಮರುದಿನ ವಾಡಿಕೆಯಂತೆ ಇಬ್ಬರೂ ಗೌಡರ ಕೈ ಹಿಡಿದು ಪೀಠಕ್ಕೆ ಕರೆದೊಯ್ದರು. ವಾಡಿಕೆಗಿಂತ ತುಸು ಗಟ್ಟಿಯಾಗಿಯೇ ಹಿಡಿದಿದ್ದರು.

"ನಮಗ್ಯಾರಿಗೂ ಇದು ಹೊಳೀಲಿಲ್ಲವಲ್ಲಯ್ಯಾ!" ಎಂದರು ಪಂಚಾಕ್ಷರಪ್ಪ.

"ಹೇಗೆ ಹೊಳೀಬೇಕು ಸ್ವಾಮಿ? ನೀವೆಲ್ಲ ಗೌಡ್ರ ಭಾಷಣ ಕೂತು ಕೇಳಿದವರು. ಹದಿನೆಂಟು ವರ್ಷ ನಿಂತು ಕೇಳಿದವನು ನಾನು."